ತೇಜಸ್ವಿ ನಮ್ಮ ವಾಲ್‌ಪೇಪರ್, ಒಳಗಿನ ಫೈಲುಗಳ ಹೆಸರು ಮಾತ್ರ ಇಂಗ್ಲಿಷು

ಚಿಕ್ಕಪ್ಪ ತೀರಿಕೊಂಡು ಎರಡು ವರ್ಷ ಆದಮೇಲೆ ಅವರ ಕಂಪ್ಯೂಟರ್ ನಮ್ಮನೆಗೆ ಬಂತು. ಕೊಪ್ಪದಲ್ಲಿ ಅವರದ್ದೊಂದು ಸಣ್ಣ ಡಿಟಿಪಿ ಅಂಗಡಿ ಇತ್ತು. ಮದುವೆ ಕಾಗದ, ಸಂಘದ ವಾರ್ಷಿಕ ವರದಿ, ಯಕ್ಷಗಾನದ ಹ್ಯಾಂಡ್‌ಬಿಲ್ಲು, ತಹಶೀಲ್ದಾರರಿಗೆ ಅರ್ಜಿ, ಚುನಾವಣೆ ಬಂದಾಗ ಎಲ್ಲಾ ಪಕ್ಷದ ಕರಪತ್ರ. ಶೃಂಗೇರಿಯಿಂದಲೂ ನರಸಿಂಹರಾಜಪುರದಿಂದಲೂ ಜನ ಬರುತ್ತಿದ್ದರು. ಅಂಗಡಿ ಖಾಲಿ ಮಾಡುವಾಗ ಕುರ್ಚಿ ಮೇಜು ಮಾರಿಹೋಯ್ತು. ಹಳೇ ಕಂಪ್ಯೂಟರನ್ನು ಗುಜರಿಯವರೂ ಕೇಳಲಿಲ್ಲ. ಬಾಳೆಹೊನ್ನೂರಿನ ಹತ್ತಿರದ ನಮ್ಮನೆಯ ಅಟ್ಟಕ್ಕೆ ಅದು ಹೋಯ್ತು, ಅಡಿಕೆ ಚೀಲದ ಪಕ್ಕ.

ಕಳೆದ ಮಳೆಗಾಲದಲ್ಲಿ ಕೆಳಗಿಳಿಸಿ, ಒರೆಸಿ, ಕರೆಂಟು ಕೊಟ್ಟೆ. ವಿಂಡೋಸ್ ಎಕ್ಸ್‌ಪಿ ಏಳುವುದಕ್ಕೆ ಐದು ನಿಮಿಷ ತಗೊಂಡಿತು. ತೆರೆ ಬಂದಾಗ ನೋಡಿದರೆ ಎಡದಿಂದ ಬಲದವರೆಗೆ ಐಕಾನುಗಳು, ಒಂದರ ಮೇಲೊಂದು ಹತ್ತಿಕೊಂಡು ಕೂತಿದ್ದವು. ಎಣಿಸಿದೆ, 214. ಹಿಂದುಗಡೆ ಏನೋ ಚಿತ್ರ ಇದೆ ಅಂತ ಗೊತ್ತಾಗುತ್ತಿತ್ತು, ಯಾರದ್ದು ಅಂತ ಗೊತ್ತಾಗುತ್ತಿರಲಿಲ್ಲ. ಒಂದು ಕಡೆ ಬಿಳಿ ಗಡ್ಡ, ಇನ್ನೊಂದು ಕಡೆ ಕನ್ನಡಕದ ಅಂಚು. ಐಕಾನುಗಳನ್ನೆಲ್ಲ ಮರೆಮಾಡುವ ಆಯ್ಕೆ ಒತ್ತಿದ ಮೇಲೆ ಪೂರ್ತಿ ಕಂಡರು. ಪೂರ್ಣಚಂದ್ರ ತೇಜಸ್ವಿ.

ನಗು ಬಂತು. ನಮ್ಮ ತಲೆಮಾರಿನವರ ಲ್ಯಾಪ್‌ಟಾಪಲ್ಲೂ ಅವರೇ ಇದ್ದಾರೆ. ವಾಟ್ಸಾಪ್ ಡಿಪಿ, ಟೀಶರ್ಟು, ಬೈಕಿನ ಸ್ಟಿಕ್ಕರು, ಅವರು ಹೇಳದೇ ಇರುವ ಮಾತನ್ನು ಅವರ ಬಾಯಿಗೆ ತುರುಕಿದ ಪೋಸ್ಟರು. 2023ರಲ್ಲಿ ಅವರ ಅಭಿಮಾನಿಗಳು ದುಡ್ಡು ಹಾಕಿ 'ಡೇರ್‌ಡೆವಿಲ್ ಮುಸ್ತಾಫಾ' ಸಿನಿಮಾ ಮಾಡಿದರು, ನಾನೂ ಥಿಯೇಟರಲ್ಲಿ ಶಿಳ್ಳೆ ಹೊಡೆದವನೇ. ಆದರೆ ಆ ರಾತ್ರಿ, 214 ಐಕಾನುಗಳ ಹಿಂದೆ ಉಸಿರುಗಟ್ಟಿ ಕೂತ ಅವರನ್ನು ನೋಡಿದಾಗ, ಈ ಮನುಷ್ಯ ಈ ಪೆಟ್ಟಿಗೆಯ ಬಗ್ಗೆಯೇ ಕೊನೆಯ ವರ್ಷಗಳಲ್ಲಿ ಜಗಳ ಆಡಿದ್ದರಲ್ಲ ಅನ್ನೋದು ನೆನಪಾಯ್ತು. ಅದನ್ನು ಯಾವ ಸ್ಟಿಕ್ಕರಲ್ಲೂ ನಾನು ನೋಡಿಲ್ಲ.

ತೇಜಸ್ವಿ ಹುಟ್ಟಿದ್ದು 1938ರ ಸೆಪ್ಟೆಂಬರ್ 8ರಂದು. ಊರು ಕುಪ್ಪಳಿ, ತೀರ್ಥಹಳ್ಳಿ ತಾಲ್ಲೂಕು. ಅಪ್ಪ ಕುವೆಂಪು ಎಂಬುದನ್ನು ಯಾರಿಗೂ ಹೇಳಬೇಕಾಗಿಲ್ಲ. ಆದರೆ ಕುವೆಂಪು ಹುಟ್ಟಿದ್ದು ಕುಪ್ಪಳಿಯಲ್ಲಲ್ಲ, ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ಮನೆಯಲ್ಲಿ ಅನ್ನೋದನ್ನು ಕೊಪ್ಪದವರು ಇವತ್ತಿಗೂ ಒಂದು ಹಕ್ಕಿನ ಹಾಗೆ ಹೇಳಿಕೊಳ್ಳುತ್ತಾರೆ. ಚಿಕ್ಕಪ್ಪನೂ ಹೇಳುತ್ತಿದ್ದರು. ಮಗನ ಫೋಟೊ ಹಾಕಿಕೊಂಡದ್ದಕ್ಕೆ ಅದೂ ಒಂದು ಕಾರಣ ಇರಬೇಕು.

ಮೈಸೂರಿನಲ್ಲಿ ಓದು. ಮನೆ ಉದಯರವಿ. ಮಹಾರಾಜಾ ಕಾಲೇಜಿನಲ್ಲಿ ಕನ್ನಡ ಎಂಎ. ಕುವೆಂಪು ಆಗ ಕನ್ನಡ ಲೋಕದ ಹಿಮಾಲಯ, ಮೈಸೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದವರು. ಕನ್ನಡ ಎಂಎ ಮಾಡಿದ ಅವರ ಮಗನಿಗೆ ಮೇಷ್ಟರ ಕೆಲಸ, ಮೈಸೂರಿನಲ್ಲೊಂದು ಮನೆ, ಸಭೆಯಲ್ಲಿ ಮುಂದಿನ ಸಾಲಿನ ಕುರ್ಚಿ, ಎಲ್ಲಾ ಸಿದ್ಧವಾಗಿ ಕಾಯುತ್ತಿದ್ದ ಕಾಲ. ಇವರು ಸಿತಾರ್ ಕಲಿತರು, ಚಿತ್ರ ಬರೆದರು, ಫೋಟೊಗ್ರಫಿ ಹುಚ್ಚು ಹಚ್ಚಿಕೊಂಡರು, 1962ರಲ್ಲಿ ಒಂದು ಕವನ ಸಂಕಲನ ತಂದರು. ಆಮೇಲೆ ಎಲ್ಲಾ ಬಿಟ್ಟು ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಗೆ ಕಾಫಿ ಬೆಳೆಯಲು ಬಂದುಬಿಟ್ಟರು.

ಇದನ್ನು ನಾವು ಬಹಳ ರೊಮ್ಯಾಂಟಿಕ್ ಆಗಿ ಓದುತ್ತೇವೆ. ಪೇಟೆ ಬಿಟ್ಟ ಸಂತ, ಕಾಡಿನ ಋಷಿ. ನನಗೆ ಹಾಗೆ ಕಾಣುವುದಿಲ್ಲ. ಕಾಫಿ ತೋಟ ಅಂದರೆ ಸಾಲ, ಕೂಲಿ, ಮಳೆ ಲೆಕ್ಕ, ಪಂಪ್‌ಸೆಟ್ ರಿಪೇರಿ. ಮಲೆನಾಡಿನವರಿಗೆ ಅದರಲ್ಲಿ ಋಷಿತನ ಏನೂ ಕಾಣಲ್ಲ. ಅವರು ಮಾಡಿದ್ದು ಇಷ್ಟೇ: ತನಗೆ ಬೇಡವಾದದ್ದನ್ನು ಮೇಜಿನಿಂದ ತೆಗೆದರು. ತಾನೇ ಆರಿಸಿಕೊಳ್ಳದೇ ಇದ್ದ, ಯಾರೋ ಮೊದಲೇ ಜೋಡಿಸಿಟ್ಟ ವಸ್ತುಗಳು ಅವು. ಹೊಸ ಲ್ಯಾಪ್‌ಟಾಪ್ ತಂದಾಗ ಕಂಪನಿಯವರೇ ತುಂಬಿಕೊಟ್ಟಿರುವ ಹತ್ತಾರು ಆಪ್‌ಗಳಿರುತ್ತಲ್ಲ, ಹಾಗೆ.

1966ರಲ್ಲಿ ರಾಜೇಶ್ವರಿಯವರ ಜೊತೆ ಮದುವೆ. ಅದರಲ್ಲೂ ಅದೇ ಕೆಲಸ. ಪುರೋಹಿತರಿಲ್ಲ, ಓಲಗವಿಲ್ಲ, ಜಾತಕವಿಲ್ಲ, ವರದಕ್ಷಿಣೆ ಇಲ್ಲ. ಕುವೆಂಪು ಈ ಬಗೆಯ ಮದುವೆಗೆ ಮಂತ್ರಮಾಂಗಲ್ಯ ಅಂತ ಹೆಸರಿಟ್ಟರು, ಆಮೇಲೆ ರಾಜ್ಯದ ಎಷ್ಟೋ ಹುಡುಗ ಹುಡುಗಿಯರಿಗೆ ಅದು ದಾರಿಯಾಯಿತು. ಚಿಕ್ಕಪ್ಪನ ಕಂಪ್ಯೂಟರಿನಲ್ಲಿ ನೂರಾರು ಮದುವೆ ಕಾಗದಗಳಿವೆ. ಗಣಪತಿ ಚಿತ್ರ, ಬಂಗಾರದ ಅಂಚು, ಎರಡೂ ಕಡೆಯ ಹದಿನಾರು ನೆಂಟರ ಹೆಸರು. ಮಂತ್ರಮಾಂಗಲ್ಯದ ಕಾಗದ ಎಷ್ಟಿದೆ ಅಂತ ಹುಡುಕಿದೆ. ಮೂರು ಸಿಕ್ಕವು. ಮೂರರಲ್ಲೂ ಅಂಚು ಬಂಗಾರದ್ದೇ.

1973ರಲ್ಲಿ 'ಅಬಚೂರಿನ ಪೋಸ್ಟಾಫೀಸು' ಬಂತು. ಅದರ ಮುನ್ನುಡಿ ಕನ್ನಡ ಸಾಹಿತ್ಯದಲ್ಲಿ ಒಂದು ಜಗಳದ ದಾಖಲೆ. ಆಗ ನವ್ಯ ಅಂದರೆ ದೊಡ್ಡ ಹೆಸರು, ಎಲ್ಲರೂ ಒಂದೇ ಥರ ಒಂಟಿತನ, ಒಂದೇ ಥರ ತೊಳಲಾಟ ಬರೆಯುತ್ತಿದ್ದ ಕಾಲ. ತೇಜಸ್ವಿಯೂ ಮೊದಲು ಆ ದಾರಿಯಲ್ಲೇ ನಡೆದವರು. ಆ ಮುನ್ನುಡಿಯಲ್ಲಿ ಅವರು ತಾನು ಅದರಿಂದ ಹೊರಗೆ ಕಾಲಿಟ್ಟೆ ಎಂದು ಸಾರಿದರು. ಅದು ಕೂಡ ಒಂದು ಮುದ್ರೆಯೊತ್ತಿದ ಅಚ್ಚಾಗಿದೆ, ಬದುಕಿನ ಬೇರೆ ದಿಕ್ಕುಗಳು ಕಾಣಬೇಕಾದರೆ ಅದನ್ನು ಮುರಿಯಬೇಕು ಎಂಬುದು ಅವರ ವಾದ. ಅವರ ಮೇಲೆ ಇದ್ದ ದೊಡ್ಡ ಪ್ರಭಾವಗಳಲ್ಲಿ ಅಪ್ಪನದ್ದೂ ರಾಮಮನೋಹರ ಲೋಹಿಯಾ ಅವರದ್ದೂ ಸೇರಿವೆ. ಇಂಗ್ಲಿಷು ಬರೀ ಭಾಷೆಯಲ್ಲ, ಮೇಲಿನವರು ಕೆಳಗಿನವರನ್ನು ಹೊರಗಿಡಲು ಹಾಕಿದ ಬೇಲಿ ಅನ್ನುವ ತಿಳಿವಳಿಕೆ ಲೋಹಿಯಾವಾದಿಗಳಿಂದ ಬಂದದ್ದು. ಸಮಾಜವಾದಿ ಯುವಜನ ಸಭೆ, ಜಾತಿವಿನಾಶದ ಚಳವಳಿ, 1974ರ ಬರಹಗಾರರ ಮತ್ತು ಕಲಾವಿದರ ಒಕ್ಕೂಟ, ರೈತ ಸಂಘದ ಮೊದಲ ದಿನಗಳು, ಎಲ್ಲಾ ಕಡೆ ಅವರು ಇದ್ದರು. ಎಲ್ಲಾ ಕಡೆಯಿಂದಲೂ ಒಂದು ಹಂತದಲ್ಲಿ ಎದ್ದು ತೋಟಕ್ಕೆ ವಾಪಸ್ ಬಂದರು. ಇದಕ್ಕೆ ಅವರನ್ನು ಬೈಯುವವರೂ ಇದ್ದಾರೆ. ಆ ಬೈಗುಳದಲ್ಲಿ ಸ್ವಲ್ಪ ಸತ್ಯವೂ ಇದೆ ಅಂತ ನನಗನ್ನಿಸುತ್ತದೆ. ಸಂಘಟನೆ ಕಟ್ಟುವ ಬೇಸರದ ಕೆಲಸ ಯಾರೋ ಮಾಡಲೇಬೇಕಲ್ಲ.

ಅದೇ ಪುಸ್ತಕದಲ್ಲಿ 'ತಬರನ ಕಥೆ' ಇದೆ. ಓದದವರಿಗೆ: ತಬರ ಸರ್ಕಾರದ ಕೆಳಹಂತದ ನೌಕರ. ನಿವೃತ್ತನಾದ ಮೇಲೆ ಪಿಂಚಣಿಗಾಗಿ ಮೇಜಿನಿಂದ ಮೇಜಿಗೆ ಅಲೆಯುತ್ತಾನೆ. ಅವನ ಹೆಂಡತಿಗೆ ಸಕ್ಕರೆ ಕಾಯಿಲೆ, ಕಾಲಿನ ಹುಣ್ಣು ಕೊಳೆಯುತ್ತಾ ಹೋಗುತ್ತದೆ. ಕಡತ ಕದಲುವುದಿಲ್ಲ. ದುಡ್ಡು ಬರುವ ಹೊತ್ತಿಗೆ ಹೆಂಡತಿ ಇಲ್ಲ. ಗಿರೀಶ್ ಕಾಸರವಳ್ಳಿ ಅದನ್ನು ಸಿನಿಮಾ ಮಾಡಿದರು, ಚಾರುಹಾಸನ್ ತಬರ ಆದರು, 1987ರಲ್ಲಿ ಬಂದ ಆ ಚಿತ್ರಕ್ಕೆ ರಾಷ್ಟ್ರಪತಿಗಳ ಸ್ವರ್ಣಕಮಲ ಬಂತು.

ಡೆಸ್ಕ್‌ಟಾಪ್ ಕ್ಲೀನ್ ಮಾಡುತ್ತಾ ಕೂತಾಗ ತಬರ ಯಾಕೆ ನೆನಪಾದ ಅಂದರೆ, ನಮ್ಮ ಕಂಪ್ಯೂಟರಿನ ಮುಖ ಅನ್ನೋದು ಆ ಗುಮಾಸ್ತರ ಮೇಜಿನದ್ದೇ ನಕಲು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾಲಯದಲ್ಲಿ ಈ ಕಲ್ಪನೆ ರೂಪ ಪಡೆಯಿತು. ಆಫೀಸಿನಲ್ಲಿ ಕೂತವರಿಗೆ ಯಂತ್ರದ ಭಯ ಹೋಗಬೇಕು, ಹಾಗಾಗಿ ತೆರೆಯ ಮೇಲೆ ಅವರ ಮೇಜನ್ನೇ ತೋರಿಸೋಣ: ಕಾಗದ, ಫೈಲು, ಫೋಲ್ಡರು, ಒಳಬರುವ ಟ್ರೇ. 1981ರಲ್ಲಿ ಜೆರಾಕ್ಸ್ ಸ್ಟಾರ್ ಎಂಬ ಯಂತ್ರ ಅದನ್ನು ಮಾರುಕಟ್ಟೆಗೆ ತಂತು, 1984ರಲ್ಲಿ ಆಪಲ್‌ನ ಮ್ಯಾಕಿಂಟಾಷ್ ಜನಪ್ರಿಯ ಮಾಡಿತು, ಆಮೇಲೆ ವಿಂಡೋಸ್. ಅಂದರೆ ಜಗತ್ತಿನ ಯಾವ ಮೂಲೆಯಲ್ಲಿ ಕಂಪ್ಯೂಟರ್ ಶುರು ಮಾಡಿದರೂ ನಾವು ಮೊದಲು ಕೂರುವುದು ಅಮೆರಿಕದ ಒಂದು ಆಫೀಸಿನ ಮೇಜಿನ ಮುಂದೆ. ಗದ್ದೆ ತೋಟದವರ ಮನೆಯಲ್ಲಿ ಅಂಥ ಮೇಜೇ ಇರಲಿಲ್ಲ. ನಮ್ಮ ಅಜ್ಜ ಪಹಣಿ, ಕಂದಾಯದ ರಸೀತಿ ಎಲ್ಲಾ ಒಂದು ಬಟ್ಟೆಯಲ್ಲಿ ಗಂಟು ಕಟ್ಟಿ ಜಂತಿಗೆ ಸಿಕ್ಕಿಸುತ್ತಿದ್ದರು. ಬೇಕಾದಾಗ ಸಿಗುತ್ತಿತ್ತು.

ಚಿಕ್ಕಪ್ಪನ ಮೇಜಿನಲ್ಲಿ ಮಾತ್ರ ಏನೂ ಸಿಗುತ್ತಿರಲಿಲ್ಲ. ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಬಾಣದ ಗುರುತು ಇರುವ ಐಕಾನುಗಳು ಬರೀ ಶಾರ್ಟ್‌ಕಟ್, ಅಳಿಸಿದರೆ ಏನೂ ಹೋಗಲ್ಲ, ಅವು ಮೊದಲು ಹೋದವು. ಮೂರು ಆಂಟಿವೈರಸ್, ನಾಲ್ಕು ಟೂಲ್‌ಬಾರ್, ಯಾವುದೋ ಪಂಚಾಂಗದ ಡೆಮೊ, ಅವೂ ಹೋದವು. ಉಳಿದದ್ದು 160ರ ಹತ್ತಿರ. ಎಲ್ಲಾ ಫೈಲುಗಳೇ. ಅವುಗಳ ಹೆಸರು ನೋಡಿ. ನ್ಯೂ1. ನ್ಯೂ2. ನ್ಯೂ ನ್ಯೂ. ಎಬಿಸಿ. ಫೈನಲ್. ಫೈನಲ್ ಫೈನಲ್. ಎಸ್‌ಎನ್‌ಜಿ ಕಾರ್ಡ್. ಎನ್‌ಆರ್‌ಪಿ ಲೆಟರ್ 4. ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲಿ. ಚಿಕ್ಕಪ್ಪ ಅಶಿಸ್ತಿನ ಮನುಷ್ಯ ಅಂತ ಮೊದಲು ಅಂದುಕೊಂಡೆ. ಅಂಗಡಿಯ ಬೀರುವಿನಲ್ಲಿದ್ದ ಕಾಗದದ ಫೈಲುಗಳನ್ನು ನೋಡಿದವರು ಹಾಗೆ ಹೇಳಲಾರರು. ಪ್ರತಿಯೊಂದರ ಬೆನ್ನಿನ ಮೇಲೂ ದುಂಡಗಿನ ಕನ್ನಡದಲ್ಲಿ ಊರು, ವಿಷಯ, ವರ್ಷ ಬರೆದಿರುತ್ತಿತ್ತು.

ಹಾಗಾದರೆ ತೆರೆಯ ಮೇಲೆ ಯಾಕೆ ಈ ಗತಿ? ಉತ್ತರ ತಾಂತ್ರಿಕವಾಗಿದೆ, ಆದರೆ ಸರಳ. ಆ ಕಾಲದ ಕನ್ನಡ ಫಾಂಟುಗಳು ಕಂಪ್ಯೂಟರಿಗೆ ಕನ್ನಡ ಕಲಿಸಿರಲಿಲ್ಲ, ಅದಕ್ಕೆ ವೇಷ ಹಾಕಿದ್ದವು. ಯಂತ್ರದ ಲೆಕ್ಕದಲ್ಲಿ ಒಳಗೆ ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳೇ, ಅವುಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿರುತ್ತಿದ್ದರು. ಪೇಜ್‌ಮೇಕರಿನ ಒಳಗೆ ಫಾಂಟ್ ಆರಿಸಿದರೆ ಕನ್ನಡ ಕಾಣುತ್ತಿತ್ತು. ಫಾಂಟ್ ಇಲ್ಲದ ಕಡೆ ಅದೇ ಬರಹ ತೆರೆದರೆ, ಕನ್ನಡ ಅನ್ನುವ ಪದದ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆ ಮೇಲೆ ಗೆರೆ ಇರುವ ಎ, ಬ್ರಿಟಿಷ್ ಪೌಂಡಿನ ಚಿಹ್ನೆ. ಫೈಲಿಗೆ ಹೆಸರಿಡುವ ಜಾಗ ಇರುತ್ತದಲ್ಲ, ಅದು ವ್ಯವಸ್ಥೆಯದ್ದು, ಅಲ್ಲಿ ನಮ್ಮ ಫಾಂಟ್ ನಡೆಯುತ್ತಿರಲಿಲ್ಲ. ಹಾಗಾಗಿ ಕನ್ನಡದಲ್ಲಿ ಇಡೀ ಪುಸ್ತಕ ಟೈಪ್ ಮಾಡಿದವನೂ ಅದಕ್ಕೆ ಇಂಗ್ಲಿಷಿನಲ್ಲೇ ಹೆಸರಿಡಬೇಕಿತ್ತು. ಅಕಾರಾದಿಯಾಗಿ ಜೋಡಿಸಲು ಬರುತ್ತಿರಲಿಲ್ಲ. ಒಳಗಿನ ಪದ ಹಿಡಿದು ಹುಡುಕಲು ಬರುತ್ತಿರಲಿಲ್ಲ. ಇಂಗ್ಲಿಷ್ ಸರಾಗವಾಗಿ ಬಾರದ ಚಿಕ್ಕಪ್ಪ ನ್ಯೂ1, ನ್ಯೂ2 ಅಂತ ಇಡದೆ ಇನ್ನೇನು ಮಾಡಿಯಾರು? ಆ ಕಸ ಅವರದ್ದಾಗಿರಲಿಲ್ಲ.

ತೇಜಸ್ವಿಗೆ ಕೋಪ ಬಂದದ್ದು ಸರಿಯಾಗಿ ಈ ಜಾಗದಲ್ಲಿ.

ಅದಕ್ಕೆ ಬರುವ ಮೊದಲು ಯಂತ್ರಗಳ ಜೊತೆ ಅವರ ಸಂಬಂಧ ಹೇಳಬೇಕು. ಸ್ಕೂಟರ್ ಕೆಟ್ಟರೆ ತಾವೇ ಬಿಚ್ಚುವ ಜಾತಿಯ ಮನುಷ್ಯ ಅವರು. ಕ್ಯಾಮೆರಾ, ಗಾಳ, ಕೋವಿ, ಸಿತಾರ್, ಯಾವುದೇ ಆಗಲಿ, ಅದು ಹೇಗೆ ಕೆಲಸ ಮಾಡುತ್ತದೆ ಅಂತ ಒಳಗೆ ನೋಡದೆ ಬಿಡುತ್ತಿರಲಿಲ್ಲ. ಹಕ್ಕಿಗಳ ಫೋಟೊಕ್ಕಾಗಿ ವರ್ಷಗಟ್ಟಲೆ ಕಾಡಿನಲ್ಲಿ ಕೂತವರು. 1980ರ 'ಕರ್ವಾಲೊ' ಕಾದಂಬರಿಯಲ್ಲಿ ದೊಡ್ಡ ವಿಜ್ಞಾನಿ ಕರ್ವಾಲೊ ಹಾರುವ ಓತಿಯ ಬೆನ್ನು ಹತ್ತಿ ಹೋಗುವಾಗ ಅವರಿಗೆ ಬೇಕಾಗುವುದು ಜೇನು ಹುಡುಕುವ ಮಂದಣ್ಣ. ಊರಿನವರ ಕಣ್ಣಿಗೆ ಮಂದಣ್ಣ ಕೆಲಸಕ್ಕೆ ಬಾರದ ಹುಡುಗ, ವಿಜ್ಞಾನಿಯ ಕಣ್ಣಿಗೆ ಅವನು ಹುಟ್ಟಾ ಪ್ರಕೃತಿ ವಿಜ್ಞಾನಿ. ನನಗೆ ಇದು ಬರೀ ಪರಿಸರದ ಕಥೆ ಅಲ್ಲ. ತಿಳಿವಳಿಕೆ ಯಾರ ಹತ್ತಿರ ಇದೆ, ಅದು ಯಾವ ಭಾಷೆಯಲ್ಲಿದೆ ಅನ್ನೋ ಪ್ರಶ್ನೆ. ಮಂದಣ್ಣನ ತಿಳಿವಳಿಕೆ ಕರ್ವಾಲೊ ಅವರ ಪುಸ್ತಕಕ್ಕೆ ಹೋಗಬೇಕಾದರೆ ನಡುವೆ ಒಂದು ಭಾಷೆ ಬೇಕು.

ಆ ಕಾದಂಬರಿಯ ನಂತರ ತೇಜಸ್ವಿ ಬರೆದದ್ದರಲ್ಲಿ ದೊಡ್ಡ ಪಾಲು ಇದೇ ಕೆಲಸ. 1985ರ 'ಚಿದಂಬರ ರಹಸ್ಯ'ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದು, ಆಮೇಲಿನ 'ಜುಗಾರಿ ಕ್ರಾಸ್', 1991ರ 'ಕಿರಗೂರಿನ ಗಯ್ಯಾಳಿಗಳು', ಇವು ನಮಗೆಲ್ಲ ಗೊತ್ತು. ಆದರೆ 'ಮಿಸ್ಸಿಂಗ್ ಲಿಂಕ್', 'ಏರೋಪ್ಲೇನ್ ಚಿಟ್ಟೆ', ಹೊಸ ಶತಮಾನ ಹುಟ್ಟುವ ಹೊತ್ತಿಗೆ ತಂದ ಮಿಲೆನಿಯಮ್ ಸರಣಿ, ಕೆನೆತ್ ಆಂಡರ್ಸನ್‌ನ ಬೇಟೆ ಕಥೆಗಳು, ಪ್ರದೀಪ್ ಕೆಂಜಿಗೆ ಜೊತೆ ಮಾಡಿದ 'ಪ್ಯಾಪಿಲಾನ್', ಇವು ಹೈಸ್ಕೂಲು ಮಕ್ಕಳ ಕೈಗೆ ಜಗತ್ತನ್ನು ಕನ್ನಡದಲ್ಲಿ ಕೊಟ್ಟವು. ನಮ್ಮೂರ ಗ್ರಂಥಾಲಯದಲ್ಲಿ ಹಾಳೆ ಕಿತ್ತುಹೋಗುವಷ್ಟು ಓದಿಸಿಕೊಂಡ ಪುಸ್ತಕಗಳು ಇವೇ. ಕನ್ನಡದಲ್ಲಿ ಕಥೆ ಕವನ ಮಾತ್ರ ಬರೆದು ವಿಜ್ಞಾನವನ್ನು ಇಂಗ್ಲಿಷಿಗೆ ಬಿಟ್ಟುಕೊಟ್ಟರೆ ಕನ್ನಡ ಪೂಜೆಗೆ ಮಾತ್ರ ಉಳಿಯುತ್ತದೆ ಎಂಬ ಆತಂಕ ಅವರದ್ದು.

ಕಂಪ್ಯೂಟರ್ ಬಂದಾಗ ಅವರ ವಯಸ್ಸಿನ ಬಹಳ ಸಾಹಿತಿಗಳು ಅದನ್ನು ಟೈಪ್ ಮಾಡುವವನ ಕೆಲಸ ಅಂತ ಬಿಟ್ಟರು. ಇವರು ಮೂಡಿಗೆರೆಯ 'ನಿರುತ್ತರ'ದಲ್ಲಿ ಕೂತು ಅದನ್ನೂ ಸ್ಕೂಟರಿನ ಹಾಗೆ ಬಿಚ್ಚಲು ನೋಡಿದರು. ಪುಸ್ತಕ ಪ್ರಕಾಶನ ಅವರದ್ದೇ ಆಗಿದ್ದರಿಂದ ಬರಹ ಅಚ್ಚಿಗೆ ಹೋಗುವ ಪ್ರತಿ ಹಂತವೂ ಅವರಿಗೆ ಗೊತ್ತಿತ್ತು. ಬಿಚ್ಚಿ ನೋಡಿದ ಮೇಲೆ ಅವರಿಗೆ ಕಂಡದ್ದು ನಾನು ಮೇಲೆ ಹೇಳಿದ ವೇಷ. ಕನ್ನಡ ಕಂಪ್ಯೂಟರಿನ ಮೈಮೇಲೆ ಇದೆ, ಒಳಗಿಲ್ಲ.

ಆಗಿನ ಸನ್ನಿವೇಶ ಸ್ವಲ್ಪ ಹೇಳಿಬಿಡುತ್ತೇನೆ. ಮಂಗಳೂರು ಕಡೆಯ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯ ತರ್ಕ ಕನ್ನಡ ಟೈಪಿಂಗಿಗೆ ದಾರಿ ಮಾಡಿತ್ತು. ಬರಹ, ನುಡಿ, ಶ್ರೀಲಿಪಿ, ಹೀಗೆ ಬೇರೆ ಬೇರೆ ತಂತ್ರಾಂಶಗಳಿದ್ದವು. ಸರ್ಕಾರ ನುಡಿಯನ್ನು ಕಚೇರಿಗಳಿಗೆ ತಂತು. ಅತ್ತ ಯೂನಿಕೋಡ್ ಎಂಬ ಜಾಗತಿಕ ವ್ಯವಸ್ಥೆಯಲ್ಲಿ 1991ರಲ್ಲೇ ಕನ್ನಡದ ಪ್ರತಿ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಸಿಕ್ಕಿತ್ತು. ಅಂದರೆ ಮನೆ ನಂಬರ್ ಸಿಕ್ಕಿತ್ತು, ಮನೆಗೆ ಹೋಗಿ ವಾಸ ಮಾಡುವವರು ಇರಲಿಲ್ಲ. ಡಿಟಿಪಿ ಲೋಕ ನಡೆಯುತ್ತಿದ್ದುದು ಪೇಜ್‌ಮೇಕರಿನ ಮೇಲೆ, ಅದಕ್ಕೆ ಯೂನಿಕೋಡ್ ಬರುತ್ತಿರಲಿಲ್ಲ.

ತೇಜಸ್ವಿಯ ತಕರಾರು ಸರ್ಕಾರದ ಮೇಲೆ. ಒಂದು ತಂತ್ರಾಂಶಕ್ಕೆ ಮೊಹರು ಒತ್ತಿ, ಕನ್ನಡ ಗಣಕೀಕರಣ ಮುಗಿಯಿತು ಅಂತ ಕೈ ತೊಳೆದುಕೊಂಡರೆ ಆಗಲಿಲ್ಲ. ಪತ್ರ ಟೈಪ್ ಮಾಡುವುದೇ ಗುರಿಯಾದರೆ ಕಂಪ್ಯೂಟರ್ ಒಂದು ದುಬಾರಿ ಟೈಪ್‌ರೈಟರ್ ಅಷ್ಟೇ. ಕಾರ್ಯಾಚರಣ ವ್ಯವಸ್ಥೆಯೇ ಕನ್ನಡದಲ್ಲಿ ಮಾತಾಡಬೇಕು, ಹೊಸ ತಂತ್ರಾಂಶ ಬರೆಯುವವರಿಗೆ ಕನ್ನಡದ ಬುನಾದಿ ಮುಕ್ತವಾಗಿ ಸಿಗಬೇಕು, ಯಾರೊಬ್ಬರ ಕೈಯಲ್ಲೂ ಅದರ ಬೀಗದ ಕೈ ಇರಬಾರದು. ಇದನ್ನು ಪತ್ರಿಕೆಗಳಲ್ಲಿ ಬರೆದರು, ಸಭೆಗಳಲ್ಲಿ ಹೇಳಿದರು, ಎಂಜಿನಿಯರುಗಳ ಜೊತೆ ಜಗಳ ಆಡಿದರು. ಅವರ ಒತ್ತಾಸೆಯಿಂದ ಹಂಪಿಯ ಕನ್ನಡ ವಿಶ್ವವಿದ್ಯಾಲಯ 'ಕುವೆಂಪು' ಹೆಸರಿನ ಕನ್ನಡ ತಂತ್ರಾಂಶ ತಂತು, ಜನರಿಗೆ ಉಚಿತವಾಗಿ ಕೊಟ್ಟಿತು.

ಇಲ್ಲಿ ಅಭಿಮಾನಿಗಳಿಗೆ ಇಷ್ಟವಾಗದ ಮಾತೊಂದು ಹೇಳಬೇಕು. ಆ ತಂತ್ರಾಂಶ ಗೆಲ್ಲಲಿಲ್ಲ. ಇವತ್ತು ಯಾವ ಸೈಬರ್ ಸೆಂಟರಿಗೆ ಹೋದರೂ ನುಡಿಯೋ ಬರಹವೋ ಕಾಣುತ್ತದೆ, ಮೊಬೈಲಿನಲ್ಲಿ ಗೂಗಲ್ ಕೀಲಿಮಣೆ. ಅವರು ಟೀಕಿಸಿದ ತಂತ್ರಾಂಶದವರೂ ಕನ್ನಡಕ್ಕೆ ಕೆಲಸ ಮಾಡಿದವರೇ, ಆ ಜಗಳದಲ್ಲಿ ಎರಡೂ ಕಡೆ ಬಿಸಿ ಜಾಸ್ತಿ ಇತ್ತು. ಕೊನೆಗೆ ಗೆದ್ದದ್ದು ಯೂನಿಕೋಡ್. ಅದನ್ನು ಗೆಲ್ಲಿಸಿದ್ದರಲ್ಲಿ ನಮ್ಮ ಸರ್ಕಾರಕ್ಕಿಂತ ಮೊಬೈಲ್ ಕಂಪನಿಗಳ ವ್ಯಾಪಾರದ ಪಾಲೇ ದೊಡ್ಡದು. ಆದರೆ ಪ್ರಶ್ನೆ ಸರಿಯಾಗಿ ಕೇಳಿದ್ದು ಮೂಡಿಗೆರೆಯ ಆ ಕಾಫಿ ಬೆಳೆಗಾರ.

ಒಂದು ಸಣ್ಣ ವಿಷಯ, ನಮ್ಮ ಕಡೆಯವರಿಗೆ ಖುಷಿ ಕೊಡುವಂಥದ್ದು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಮೈಕ್ರೋಸಾಫ್ಟ್ ಕನ್ನಡಕ್ಕೆ ಕೊಟ್ಟ ಯೂನಿಕೋಡ್ ಫಾಂಟಿನ ಹೆಸರು ತುಂಗಾ. ಶೃಂಗೇರಿ ಮಠದ ಮೆಟ್ಟಿಲ ಕೆಳಗೆ ಹರಿಯುವ ಅದೇ ತುಂಗೆ. ಚಿಕ್ಕಪ್ಪನ ಕಂಪ್ಯೂಟರಿನ ಫಾಂಟ್ ಫೋಲ್ಡರ್ ತೆರೆದಾಗ ಅದು ಅಲ್ಲೇ ಇತ್ತು. ಸಂಕೀರ್ಣ ಲಿಪಿಗಳ ಬೆಂಬಲ ಎಂಬ ಒಂದು ಚೌಕಕ್ಕೆ ಟಿಕ್ ಹಾಕಿ, ಅನುಸ್ಥಾಪನೆಯ ಸಿಡಿ ಹಾಕಿದ್ದರೆ ಫೈಲುಗಳಿಗೆ ಕನ್ನಡದಲ್ಲೇ ಹೆಸರಿಡಬಹುದಿತ್ತು. ಚಿಕ್ಕಪ್ಪನಿಗೆ ಅದನ್ನು ಹೇಳಿದವರು ಯಾರೂ ಇರಲಿಲ್ಲ. ಹೇಳಬೇಕಾದ ಸೂಚನೆಯೂ ಇಂಗ್ಲಿಷಿನಲ್ಲೇ ಇತ್ತು.

ಈಗ ನನ್ನ ಸ್ವಂತ ಲ್ಯಾಪ್‌ಟಾಪ್ ವಿಷಯ. ತೇಜಸ್ವಿಯ ಹೆಸರಿನಲ್ಲಿ ಇಷ್ಟು ಮಾತಾಡುವ ನನ್ನ ಯಂತ್ರ ಹೇಗಿತ್ತು ಅಂದರೆ, ಪೂರ್ತಿ ಇಂಗ್ಲಿಷು. ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಸಮಯ ಮತ್ತು ಭಾಷೆ ಅನ್ನುವ ಕಡೆ ಹೋಗಿ ಕನ್ನಡ ಸೇರಿಸಿ, ಪ್ರದರ್ಶನ ಭಾಷೆ ಅಂತ ಆರಿಸಿ, ಒಮ್ಮೆ ಲಾಗ್‌ಔಟ್ ಆದರೆ ಸಾಕು, ಮೆನು ಕನ್ನಡಕ್ಕೆ ತಿರುಗುತ್ತದೆ. ಹತ್ತು ನಿಮಿಷದ ಕೆಲಸ. ವರ್ಷಗಟ್ಟಲೆ ಮಾಡಿರಲಿಲ್ಲ. ವಾಲ್‌ಪೇಪರ್ ಮಾತ್ರ ತಿಂಗಳಿಗೊಂದು ಸಲ ಬದಲಾಗುತ್ತಿತ್ತು, ಎಲ್ಲವೂ ಪಶ್ಚಿಮಘಟ್ಟ, ಎಲ್ಲವೂ ಎಚ್‌ಡಿ.

ಮಾಡಿದೆ. ಮೊದಲ ಎರಡು ದಿನ ಕಿರಿಕಿರಿ. ಫೈಲು ಅನ್ನೋ ಕಡೆ ಕಡತ. ಡೆಸ್ಕ್‌ಟಾಪಿಗೆ ಮುಕ್ತ ತಂತ್ರಾಂಶದ ಅನುವಾದಕರು ಕಟ್ಟಿದ ಗಣಕತೆರೆ ಅನ್ನುವ ಪದವೂ ಇದೆ. ಕೇಳಲು ಚೆನ್ನಾಗಿದೆ, ನಮ್ಮಮ್ಮನಿಗೆ ಹೇಳಿದರೆ ನಾಟಕದ ಪರದೆ ಅಂದುಕೊಳ್ಳುತ್ತಾರೆ. ಇಲ್ಲಿ ತೇಜಸ್ವಿ ಮತ್ತೆ ನೆನಪಾಗುತ್ತಾರೆ. ತನ್ನ ಪುಸ್ತಕಕ್ಕೆ ಪೋಸ್ಟಾಫೀಸು, ಕ್ರಾಸ್, ಏರೋಪ್ಲೇನ್, ಮಿಸ್ಸಿಂಗ್ ಲಿಂಕ್ ಅಂತ ಹೆಸರಿಡಲು ಅವರಿಗೆ ಮುಜುಗರ ಇರಲಿಲ್ಲ. ಫೈಲನ್ನು ಫೈಲು ಅಂತಲೇ ಕನ್ನಡ ಅಕ್ಷರದಲ್ಲಿ ಬರೆದರೂ ಅದು ಕನ್ನಡವೇ ಅಂತ ನನ್ನ ವಾದ. ಮೆನುವನ್ನು ಮಲೆನಾಡಿನ ಅಡಿಕೆ ಮಂಡಿಯಲ್ಲಿ ಮಾತಾಡುವ ಹಾಗೆ ಬರೆದುಕೊಟ್ಟರೆ ಎಷ್ಟು ಜನ ಬಳಸುತ್ತಿದ್ದರೋ. ಅನುವಾದಕರನ್ನು ಬೈಯುವುದೂ ತಪ್ಪು, ಅವರಲ್ಲಿ ಬಹಳ ಮಂದಿ ಸಂಬಳವಿಲ್ಲದೆ ರಾತ್ರಿ ಕೂತು ಮಾಡಿದವರು. ತಿದ್ದುಪಡಿ ಕಳಿಸುವ ದಾರಿ ಮುಕ್ತ ತಂತ್ರಾಂಶದಲ್ಲಿ ತೆರೆದೇ ಇರುತ್ತದೆ. ನಾವು ಸ್ಕ್ರೀನ್‌ಶಾಟ್ ತೆಗೆದು ಗೇಲಿ ಮಾಡಿ ಮುಂದೆ ಹೋಗುತ್ತೇವೆ.

ಚಿಕ್ಕಪ್ಪನ 160 ಫೈಲುಗಳಿಗೆ ವಾಪಸ್ ಬರುತ್ತೇನೆ. ಒಂದೊಂದನ್ನೂ ತೆರೆದು ಓದದೆ ಅದರಲ್ಲಿ ಏನಿದೆ ಅಂತ ಹೇಳುವ ಹಾಗಿರಲಿಲ್ಲ. ಹಳೇ ಫಾಂಟಿನ ಬರಹವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಪಠ್ಯ ನಕಲು ಮಾಡಿ ಹಾಕಿದರೆ ಪಿ, ಎ, ಪೌಂಡ್ ಎಲ್ಲಾ ಹೋಗಿ ಕನ್ನಡ ಬರುತ್ತದೆ. ಅರ್ಕಾವತ್ತು, ಒತ್ತಕ್ಷರ ಇರುವ ಕಡೆ ಎಡವುತ್ತದೆ, ಕೈಯಲ್ಲಿ ತಿದ್ದಬೇಕು. ದಿನಕ್ಕೆ ಹತ್ತು ಫೈಲಿನ ಹಾಗೆ ಕೂತೆ.

ನ್ಯೂ1 ಒಂದು ಶ್ರಾದ್ಧದ ಕಾಗದ. ನ್ಯೂ2 ಬಗರ್‌ಹುಕುಂ ಸಾಗುವಳಿದಾರರ ಸಭೆಯ ಕರಪತ್ರ. ಫಾರಂ 50, ಫಾರಂ 53 ಹಾಕಿ ವರ್ಷಗಟ್ಟಲೆ ಕಾದವರ ಪಟ್ಟಿ, ಸರ್ವೆ ನಂಬರ್ ಸಮೇತ. ಫೈನಲ್ ಫೈನಲ್ ಎಂಬುದು ಭದ್ರಾ ಹಿನ್ನೀರಿನಿಂದ ಎದ್ದು ಬಂದ ಕುಟುಂಬಗಳವರು ನರಸಿಂಹರಾಜಪುರದಿಂದ ಬಂದು ಬರೆಸಿದ ಮನವಿ. ಯಾವ ಊರು ಮುಳುಗಿತು, ಯಾರಿಗೆ ಎಲ್ಲಿ ಜಮೀನು ತೋರಿಸಿದರು, ಆ ಜಮೀನು ಈಗ ಯಾಕೆ ಅರಣ್ಯ ಅಂತ ಹೇಳುತ್ತಿದ್ದಾರೆ, ಎಲ್ಲಾ ಎಂಟು ಪುಟದಲ್ಲಿ. ಎಬಿಸಿ ಎನ್ನುವ ಫೈಲಿನಲ್ಲಿ ಕುದುರೆಮುಖದ ಗಣಿಯ ವಿರುದ್ಧದ ಒಂದು ಮೆರವಣಿಗೆಯ ಘೋಷಣೆಗಳು, ತುಂಗಾ ಭದ್ರಾ ಎರಡೂ ನದಿಗಳ ಹೆಸರು ಹಿಡಿದು. ಆ ಗಣಿ 2005ರ ಕೊನೆಗೆ ನಿಂತಿತು. ಘೋಷಣೆ ಬರೆದವರು ಯಾರು ಅಂತ ಫೈಲಿನಲ್ಲಿಲ್ಲ.

ಮೂರು ತಾಲ್ಲೂಕಿನ ಇಪ್ಪತ್ತು ವರ್ಷದ ರಾಜಕೀಯ ಚರಿತ್ರೆ ನ್ಯೂ1, ನ್ಯೂ2 ಎಂಬ ಹೆಸರಿನಲ್ಲಿ ನಮ್ಮ ಅಟ್ಟದಲ್ಲಿ ಅಡಿಕೆ ಚೀಲದ ಪಕ್ಕ ಕೂತಿತ್ತು. ಮುಚ್ಚಿಹೋದ ಡಿಟಿಪಿ ಅಂಗಡಿಗಳು ರಾಜ್ಯದಲ್ಲಿ ಎಷ್ಟಿರಬಹುದು, ಯೋಚಿಸಿ. ತಬರನ ಕಡತ ಮೇಜಿನ ಮೇಲಿತ್ತು, ಕದಲುತ್ತಿರಲಿಲ್ಲ. ಇವು ಮೇಜಿನ ಮೇಲಿದ್ದೂ ಓದಲು ಬರುತ್ತಿರಲಿಲ್ಲ. ಇವತ್ತಿಗೂ ಎಷ್ಟೋ ಸರ್ಕಾರಿ ಆದೇಶಗಳು ಸ್ಕ್ಯಾನ್ ಮಾಡಿದ ಚಿತ್ರಗಳಾಗಿ ಜಾಲತಾಣಕ್ಕೆ ಬರುತ್ತವೆ. ನಿಮ್ಮೂರಿನ ಹೆಸರು ಹಾಕಿ ಹುಡುಕಿದರೆ ಸಿಗುವುದಿಲ್ಲ. ಹುಡುಕಲು ಬಾರದ ಕಾಗದದ ಮೇಲೆ ಪ್ರಶ್ನೆ ಕೇಳುವುದು ಹೇಗೆ? ಭೂಮಿ, ಅರಣ್ಯ, ಒತ್ತುವರಿ ಅಂತ ಹೋರಾಟ ಮಾಡುವ ಗೆಳೆಯರು ಇದನ್ನು ಟೆಕ್ನಿಕಲ್ ವಿಷಯ ಅಂತ ಪಕ್ಕಕ್ಕಿಡುತ್ತಾರೆ. ಎರಡು ದಶಕದ ಹಿಂದೆ ಸಾಹಿತಿಗಳೂ ಹಾಗೇ ಪಕ್ಕಕ್ಕಿಟ್ಟಿದ್ದರು.

ತೇಜಸ್ವಿ ಕೊನೆಯವರೆಗೂ ಮೂಡಿಗೆರೆ ಬಿಡಲಿಲ್ಲ. ಕೊನೆಯ ಕಾದಂಬರಿ 'ಮಾಯಾಲೋಕ' 2005ರಲ್ಲಿ ಬಂತು, ಒಂದನೇ ಭಾಗ ಅಂತ, ಎರಡನೆಯದು ಬರಲೇ ಇಲ್ಲ. 2007ರ ಏಪ್ರಿಲ್ 5ರಂದು ಮನೆಯಲ್ಲೇ ತೀರಿಕೊಂಡರು. 68 ವರ್ಷ. ಸರ್ಕಾರಿ ಕಚೇರಿಗಳಿಗೆ ಯೂನಿಕೋಡ್ ಬೇಕು ಎಂಬ ತೀರ್ಮಾನ, ಮೊಬೈಲಿನಲ್ಲಿ ಕನ್ನಡ, ಹಳ್ಳಿ ಹುಡುಗರು ಕನ್ನಡದಲ್ಲೇ ಫೇಸ್‌ಬುಕ್ಕಿನಲ್ಲಿ ಜಗಳ ಆಡೋದು, ಯಾವುದನ್ನೂ ಅವರು ನೋಡಲಿಲ್ಲ. ಸರ್ಕಾರದ ಕನ್ನಡ ತಂತ್ರಾಂಶ ಸಮಿತಿಯ ಮುಂದಾಳತ್ವ ಮುಂದೆ ವಹಿಸಿದವರು ಅವರದ್ದೇ ಮನೆಯ ಅಳಿಯ, ಕುವೆಂಪು ಮಗಳು ತಾರಿಣಿಯವರ ಪತಿ ಕೆ. ಚಿದಾನಂದ ಗೌಡರು.

ನಮ್ಮನೆಯ ಹಳೇ ಕಂಪ್ಯೂಟರಿನ ತೆರೆಯ ಮೇಲೆ ಈಗ ಐದೇ ಫೋಲ್ಡರು: ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಮದುವೆ, ಗೊತ್ತಾಗದ್ದು. ಆ ಚೌಕಕ್ಕೆ ಟಿಕ್ ಹಾಕಿ, ಐದಕ್ಕೂ ಕನ್ನಡದಲ್ಲೇ ಹೆಸರಿಟ್ಟಿದ್ದೇನೆ. ಒಳಗಿನ ಪ್ರತಿ ಫೈಲಿಗೂ ವರ್ಷ ಮೊದಲು, ಆಮೇಲೆ ಊರು, ಆಮೇಲೆ ವಿಷಯ, ಚಿಕ್ಕಪ್ಪ ಕಾಗದದ ಫೈಲಿನ ಬೆನ್ನಿಗೆ ಬರೆಯುತ್ತಿದ್ದ ಹೆಸರುಗಳೇ. ಎಲ್ಲದರದ್ದೂ ಒಂದು ನಕಲು ಪೆನ್‌ಡ್ರೈವಿನಲ್ಲಿ, ಇನ್ನೊಂದು ನನ್ನ ಲ್ಯಾಪ್‌ಟಾಪಿನಲ್ಲಿ. ಗೊತ್ತಾಗದ್ದು ಎಂಬುದರಲ್ಲಿ ಹನ್ನೊಂದು ಫೈಲುಗಳಿವೆ, ಯಾವ ಪರಿವರ್ತಕಕ್ಕೂ ಬಗ್ಗಿಲ್ಲ. ಯಾವ ಫಾಂಟಿನಲ್ಲಿ ಟೈಪ್ ಮಾಡಿದ್ದು ಅಂತ ಪತ್ತೆಯಾಗಬೇಕು.

ಮೊನ್ನೆ ಭದ್ರಾ ಹಿನ್ನೀರಿನ ಕಡೆಯ ಒಬ್ಬರು ಮನೆಗೆ ಬಂದಿದ್ದರು. ಆ ಎಂಟು ಪುಟದ ಮನವಿಯಲ್ಲಿ ಅವರ ತಂದೆಯ ಹೆಸರು ಏಳನೆಯದು. ಹುಡುಕುವ ಜಾಗದಲ್ಲಿ ಆ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಿ ತೋರಿಸಿದೆ, ಎರಡು ಸೆಕೆಂಡಿನಲ್ಲಿ ಬಂತು. ಪ್ರಿಂಟ್ ಬೇಕು ಅಂದರು. ನಮ್ಮಲ್ಲಿ ಪ್ರಿಂಟರ್ ಇರಲಿಲ್ಲ. ಪೆನ್‌ಡ್ರೈವ್ ಕೊಟ್ಟು, ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಕಳಿಸಿದೆ.